ಅ.ಕೋ.

ಗಣಿತದ ಪಾಠಪುಸ್ತಕದ ಕರಡಿನಲ್ಲಿ ನಲವತ್ತೊಂದನೆಯ ಪುಟದ ಆರನೆಯ ಲೆಕ್ಕವನ್ನು ಅವನು ಮೂರು ಸಲ ಓದಿ ದಾಟಿಹೋಗಿದ್ದ. ನಾಲ್ಕನೆಯ ಸಲ, ಅದೂ ಓದಬೇಕೆಂದಲ್ಲ, ಗೋಡೆಯ ಗಡಿಯಾರದಿಂದ ಇಳಿದ ಕಣ್ಣು ಸುಮ್ಮನೆ ಅಲ್ಲಿ ಬಂದು ಕೂತಾಗ, ತಪ್ಪು ಕಾಣಿಸಿತು. 'ಒಂದು ಮನೆಯಲ್ಲಿ ಜನರಿದ್ದಾರೆ. ಪ್ರತಿಯೊಬ್ಬರೂ ದಿನಕ್ಕೆ ಅರವತ್ತು ಲೀಟರ್ ನೀರು ಬಳಸಿದರೆ ಆರು ಸಾವಿರ ಲೀಟರಿನ ತೊಟ್ಟಿ ಎಷ್ಟು ದಿನಕ್ಕೆ ಬರಿದಾಗುತ್ತದೆ?' ಎಷ್ಟು ಜನ ಎಂಬುದೇ ಇರಲಿಲ್ಲ. ವಾಕ್ಯ ಮಾತ್ರ ಏನೂ ಆಗದವರ ಹಾಗೆ ನೆಟ್ಟಗೆ ನಿಂತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಕ್ಕದ ಮೇಜಿನ ಮುದುಕರು ಹೇಳಿಕೊಟ್ಟಿದ್ದರು: ತಪ್ಪಾಗಿ ಬಿದ್ದ ಅಕ್ಷರ ಅನ್ನದಲ್ಲಿ ಸಿಕ್ಕಿದ ಕಲ್ಲಿನ ಹಾಗೆ, ತಾನಾಗಿಯೇ ತಿಳಿಯುತ್ತದೆ, ಬಿಟ್ಟುಹೋದದ್ದಕ್ಕೆ ಬಾಯಿಲ್ಲ. ಅವನು ಕೆಂಪು ಪೆನ್ನಿನಿಂದ 'ಮನೆಯಲ್ಲಿ' ಎಂಬುದರ ಮುಂದೆ ಒಂದು ಹಂಸಪಾದ ಹಾಕಿದ. ಇಲ್ಲಿ ಏನೋ ಬಿಟ್ಟುಹೋಗಿದೆ ಎಂದು ತೋರಿಸುವ, ಹಕ್ಕಿಯ ಹೆಜ್ಜೆಯಂಥ ಆ ಸಣ್ಣ ಗುರುತು ಹಾಕುವುದರಲ್ಲಿ ಇಡೀ ಮುದ್ರಣಾಲಯದಲ್ಲಿ ಅವನ ಕೈಯಷ್ಟು ಚೊಕ್ಕ ಕೈ ಇರಲಿಲ್ಲ. ಅದರ ಮೇಲೆ ಬರೆಯಬೇಕಾದ ಅಂಕಿಗಾಗಿ ಮೂಲಪ್ರತಿ ತೆಗೆಯಬೇಕಿತ್ತು. ತೆಗೆಯದೆ ಪೆನ್ನು ಹಿಡಿದುಕೊಂಡೇ ಕುಳಿತ. ನಾಲ್ಕು ಗಂಟೆಗೆ ಅವನು ನಕ್ಷೆಯವರ ಬಳಿ ಹೋಗಬೇಕಿತ್ತು.

ಮನೆಯ ನಕ್ಷೆ ಬರೆಯುವ ಆ ಹೆಂಗಸನ್ನು ಮನೆಯಲ್ಲಿ ಎಲ್ಲರೂ ನಕ್ಷೆಯವರು ಎಂದೇ ಕರೆಯುತ್ತಿದ್ದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ ಅವರದು. ಕೆಳಗೆ ರಿಪೇರಿಯಾದ ಸೈಕಲ್ಲುಗಳ ಗಂಟೆಯನ್ನು ಒಂದೊಂದಾಗಿ ಬಾರಿಸಿ ನೋಡುವಾಗ ಮೇಲೆ ಅವರು ಗೆರೆ ಎಳೆಯುವುದನ್ನು ನಿಲ್ಲಿಸಿ, ಸದ್ದು ಮುಗಿದ ಮೇಲೆ ಮುಂದುವರಿಸುತ್ತಿದ್ದರು. ಮೊದಲ ದಿನ ಅವನೂ ಹೆಂಡತಿಯೂ ಹೋಗಿದ್ದರು. ಹೆಂಡತಿ ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಬಾಡಿಗೆ ಮನೆಯಲ್ಲಿ ಬಾಳಿದವರಿಗೆ ನಿಮಗೆ ಎಂಥ ಮನೆ ಬೇಕು ಎಂದು ಯಾರೂ ಕೇಳಿರುವುದಿಲ್ಲ; ಕೇಳಿದಾಗ ಇಬ್ಬರಿಗೂ ನಾಚಿಕೆಯಾಗಿ, ಗಾಳಿ ಬೆಳಕು ಇದ್ದರೆ ಸಾಕು ಎಂದಿದ್ದರು. ನಕ್ಷೆಯವರು ನಕ್ಕು ಪೆನ್ಸಿಲ್ ಚೂಪು ಮಾಡುತ್ತಾ, "ಮನೇಲಿ ಎಷ್ಟು ಜನ?" ಎಂದರು. ಅವನು, "ಮೂರು ಜನ" ಎಂದ. ಅವರು ಕಾಗದದ ಮೂಲೆಯಲ್ಲಿ ಮೂರು ಎಂದು ಬರೆದು ಸುತ್ತ ಒಂದು ಸೊನ್ನೆ ಎಳೆದರು. ಹೆಂಡತಿ ಚಪ್ಪಲಿಯ ತುದಿ ನೋಡುತ್ತಿದ್ದಳು. ಮೆಟ್ಟಿಲಿಳಿಯುವಾಗಲೂ ಅವನಿಗೆ ಏನೂ ಅನ್ನಿಸಿರಲಿಲ್ಲ, ಖುಷಿಯಲ್ಲಿದ್ದ. ಮನೆಗೆ ಬಂದು ಬಾಗಿಲು ತಟ್ಟಿದಾಗ ಅಕ್ಕ ಸೆರಗಿನಲ್ಲಿ ಕೈ ಒರೆಸುತ್ತಾ ಬಂದು ತೆರೆದು, ಏನಂದರು ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಚಹಾ ಸೋಸಿದಳು. ಮೇಜಿನ ಮೇಲೆ ನಾಲ್ಕು ಲೋಟಗಳಿದ್ದವು: ಅವನದು, ಹೆಂಡತಿಯದು, ಮಗಳದು, ಅಕ್ಕನದು. ನಾಲ್ಕನೆಯ ಲೋಟದಿಂದ ಹಬೆ ಏಳುವುದನ್ನು ನೋಡುತ್ತಿದ್ದಂತೆ ಅವನ ಕಿವಿ ಬಿಸಿಯಾಯಿತು.

ಹೊಳೆ ದಾಟಿದ ಹತ್ತು ಮಂದಿ ಪೆದ್ದರ ಕಥೆಯಲ್ಲಿ ಎಣಿಸುವವನು ಮರೆಯುವುದು ತನ್ನನ್ನು. ಅದರಲ್ಲಿ ಒಂದು ಮುಗ್ಧತೆ ಇದೆ, ಮಕ್ಕಳು ನಗುತ್ತಾರೆ. ಅವನು ತನ್ನನ್ನು ಮರೆತಿರಲಿಲ್ಲ. ಒಂದು ಎಂದು ಶುರು ಮಾಡಿದ್ದೇ ತನ್ನಿಂದ. ಹಾಗಾದರೆ ಅಕ್ಕ ಎಲ್ಲಿ ಹೋದಳು? ಮದುವೆಗೆ ಮುಂಚೆಯೂ ಇದ್ದವಳು, ಮದುವೆಯಾದ ಮೇಲೂ ಇದ್ದವಳು, ಬಾಡಿಗೆ ಮನೆ ಬದಲಾದಾಗಲೆಲ್ಲ ಗಾಡಿಯಲ್ಲಿ ಹೊಲಿಗೆ ಯಂತ್ರ ಹಿಡಿದುಕೊಂಡು ಕೂತು ಬಂದವಳು. ಅಮ್ಮನಿಲ್ಲದ ಮನೆಯಲ್ಲಿ ಒಂಬತ್ತು ವರ್ಷ ದೊಡ್ಡವಳಾದ ಅವಳು ಅವನಿಗೆ ತಲೆ ಬಾಚಿದ್ದಳು, ಉಗುರು ಕತ್ತರಿಸಿದ್ದಳು, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಅಕ್ಷರ ತಿದ್ದಿಸಿದ್ದಳು. ಅವಳ ಅಕ್ಷರಮಾಲೆಯಲ್ಲಿ ಅ ಎಂದರೆ ಅರಸ ಅಲ್ಲ. ಯಾವ ಅರಸನನ್ನು ನೋಡಿದ್ದೀಯೋ ನೀನು, ಅ ಅಂದರೆ ಅಕ್ಕ ಅನ್ನು, ಎಂದು ಗದರುತ್ತಿದ್ದಳು. ಶಾಲೆಯಲ್ಲಿ ಮೇಷ್ಟರು ಕೇಳಿದಾಗ ಅವನು ಹಾಗೇ ಹೇಳಿ ತರಗತಿಯೆಲ್ಲ ನಕ್ಕಿತ್ತು. ಆ ನಗು ಈಗ, ನಲವತ್ತು ದಾಟಿದ ಮೇಲೆ, ಪ್ರೆಸ್ಸಿನ ಕಿಟಕಿಯ ಪಕ್ಕದಲ್ಲಿ ಅವನಿಗೆ ಮತ್ತೆ ಕೇಳಿಸುತ್ತಿತ್ತು. ಅಂದು ಅವಮಾನವಾಗಿದ್ದು ಅಕ್ಕನಿಂದ ಎಂದು ಎಷ್ಟೋ ದಿನ ಅವಳೊಡನೆ ಮುನಿಸಿಕೊಂಡಿದ್ದ. ಒಬ್ಬರನ್ನು ಲೆಕ್ಕದಿಂದ ಬಿಡುವುದು ಆ ವಯಸ್ಸಿನಿಂದಲೇ ಶುರುವಾಗುತ್ತದೋ ಏನೋ.

ನಕ್ಷೆ ಬಂದದ್ದು ಎರಡು ವಾರದ ಮೇಲೆ. ಊಟದ ಮೇಜಿನ ಮೇಲೆ ಹರಡಿದರೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಹೆಂಡತಿ ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ನೀರಿನ ಲೋಟ ಇಟ್ಟಳು. ಕೋಣೆಗಳು ಸಣ್ಣವು, ಹೆಸರು ಪೂರ್ತಿ ಹಿಡಿಸುವುದಿಲ್ಲ ಎಂದು ನಕ್ಷೆಯವರು ಮೊದಲ ಅಕ್ಷರಗಳನ್ನಷ್ಟೇ ದುಂಡಗೆ ಬರೆದಿದ್ದರು. ನ.ಮ. ಎಂದರೆ ನಡುಮನೆ. ಅ.ಮ. ಅಡುಗೆಮನೆ. ಬ.ಮ. ಎಂದಲ್ಲಿ ಮಗಳು ಬಚ್ಚಲು ಎಂದು ಕಿರುಚಿ, ತಾನು ಗೆದ್ದೆ ಎಂದಳು. ಹನ್ನೆರಡು ವರ್ಷದ ಅವಳಿಗೆ ಅದು ಒಗಟಿನ ಆಟವಾಗಿತ್ತು. ಎರಡು ಕಡೆ ಮ.ಕೋ., ಮಲಗುವ ಕೋಣೆ. ಹಿಂಭಾಗದಲ್ಲಿ, ಅಡುಗೆಮನೆಗೆ ಒತ್ತಿಕೊಂಡು, ಒಂದು ಪುಟ್ಟ ಚೌಕ: ಅ.ಕೋ. ಅವನಿಗೆ ಕೂಡಲೇ ಗೊತ್ತಾಯಿತು. ಅತಿಥಿ ಕೋಣೆ. ಮೂರು ಜನರ ಮನೆಗೆ ಬರುವ ನಾಲ್ಕನೆಯವರಿಗೆ. ಪಾತ್ರೆ ತೊಳೆಯುತ್ತಿದ್ದ ಅಕ್ಕ ಒದ್ದೆ ಕೈಯನ್ನು ಹಿಂದಕ್ಕಿಟ್ಟುಕೊಂಡು, ಕಾಗದಕ್ಕೆ ನೀರು ಬೀಳಬಾರದೆಂದು ದೂರದಿಂದಲೇ ಬಗ್ಗಿ ಓದಿದಳು. ಬೆರಳು ಗಾಳಿಯಲ್ಲೇ ಕೋಣೆಯಿಂದ ಕೋಣೆಗೆ ಹೋಗಿ ಆ ಚೌಕದ ಮೇಲೆ ನಿಂತಿತು. "ಅಕ್ಕನ ಕೋಣೆ" ಎಂದಳು. ಕೇಳಲಿಲ್ಲ, ಓದಿದಳು.

ಮಗಳು ಒಪ್ಪಲಿಲ್ಲ. "ನಿಮಗೆ ಅಕ್ಕ ಯಾರಿದ್ದಾರೆ ಅತ್ತೆ? ಅದು ಅತ್ತೆ ಕೋಣೆ." ಆಮೇಲೆ ತಾನೇ ಲೆಕ್ಕ ಹಾಕಿ ಕುಣಿದಳು. "ಅಪ್ಪನಿಗೆ ಅಕ್ಕನ ಕೋಣೆ, ಅಮ್ಮನಿಗೆ ಅತ್ತಿಗೆ ಕೋಣೆ, ನನಗೆ ಅತ್ತೆ ಕೋಣೆ. ನಕ್ಷೆಯವರು ಎಷ್ಟು ಜಾಣರು ನೋಡು, ಎಲ್ಲಾನೂ ಒಂದೇ ಅಕ್ಷರದಲ್ಲಿ ಮುಗಿಸಿದ್ದಾರೆ!" ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವನೂ ನಕ್ಕ. ಅದೇ ಅಕ್ಷರದಿಂದ ಶುರುವಾಗುವ ಇನ್ನೊಂದು ಪದ ಅವನ ಗಂಟಲಲ್ಲೇ ಉಳಿಯಿತು. ಹೆಂಡತಿಯತ್ತ ನೋಡಿದ; ಅವಳು ಉಪ್ಪಿನ ಡಬ್ಬಿಯನ್ನು ಎತ್ತಿ, ಅಲ್ಲೇ, ಒಂದಿಂಚು ಆಚೆ ಇಟ್ಟಳು.

ಅಂದಿನಿಂದ ಅಕ್ಕ ಬೇರೆಯಾದಳು. ಸಮವಸ್ತ್ರ ಹೊಲಿಯುವ ದೊಡ್ಡ ಅಂಗಡಿಯೊಂದರಲ್ಲಿ ಮೂವತ್ತು ವರ್ಷದಿಂದ ಕಾಜಾ ಹಾಕುವವಳು ಅವಳು. ದಿನಕ್ಕೆ ಇಷ್ಟು ಅಂಗಿ, ಅಂಗಿಗೆ ಇಷ್ಟು ತೂತು; ಗುಂಡಿ ಮಾತ್ರ ಬೇರೆಯವರು ಹಚ್ಚುತ್ತಾರೆ. ಊರ ಮಕ್ಕಳ ಅಂಗಿಯಲ್ಲೆಲ್ಲ ನಾನು ಹಾಕಿದ ತೂತೇ, ಎಂದು ತಮಾಷೆ ಮಾಡುತ್ತಿದ್ದಳು. ಏನು ಬೇಕು ಎಂದರೆ, ನನಗೇನೂ ಬೇಡಪ್ಪ, ಎನ್ನುವುದು ಅವಳಿಗೆ ಸೀನು ಬಂದಷ್ಟು ಸಹಜ. ಅವಳು ಈಗ ಸಂಜೆ ಬಂದ ಮೇಲೆ ಅಂಗಡಿಯ ಟೇಪನ್ನು ಕುತ್ತಿಗೆಯಿಂದ ತೆಗೆಯದೆ ಹೊಲಿಗೆ ಯಂತ್ರದ ಉದ್ದಗಲ ಅಳೆದಳು. ಮಡಿಸಿಟ್ಟ ಹಾಸಿಗೆಯನ್ನು ಅಳೆದಳು. ಕಿಟಕಿಯ ಅಂಚು ಎಷ್ಟು ಅಗಲ ಇರುತ್ತದೆ, ಒಂದು ಕುಂಡ ಕೂರುತ್ತದೆಯೇ ಎಂದು ಅವನನ್ನು ಕೇಳಿ, ಅವನು ಉತ್ತರಿಸುವ ಮೊದಲೇ, ಕೂರದಿದ್ದರೂ ಚಿಂತೆಯಿಲ್ಲ ಬಿಡು, ಎಂದಳು. ಅವಳ ಮುಖದಲ್ಲಿ ಏನೋ ಆಸೆ ಓಡಾಡುವುದನ್ನು ಕಂಡು ಅವನಿಗೆ, ಬೇರೆಯವರ ಕಾಗದ ಒಡೆದು ಓದಿದ ಹಾಗೆ ಸಂಕೋಚವಾಗುತ್ತಿತ್ತು. ಹೇಳಿಬಿಡಬೇಕೆ? ಹೇಳುವುದಾದರೂ ಏನು? ಕೋಣೆಯಂತೂ ಇದೆ. ಒಂದು ಪದ ಬದಲಾದರೆ ಗೋಡೆ ಕುಸಿಯುವುದಿಲ್ಲ. ಸುಳ್ಳು ತಾನಾಗಿಯೇ ನಿಜವಾಗುವುದಾದರೆ ಯಾರಿಗೇನು ನಷ್ಟ? ಹೀಗೆ ಅವನು ಹಗುರವಾಗುತ್ತಿರುವಾಗಲೇ ನಿನ್ನೆ ಪ್ರೆಸ್ಸಿಗೆ ನಕ್ಷೆಯವರ ಫೋನು ಬಂದಿತ್ತು. ರಸ್ತೆ ಅಗಲವಾಗಲಿದೆಯಂತೆ. ಮುಂಭಾಗದಲ್ಲಿ ಇನ್ನೂ ಐದು ಅಡಿ ಬಿಡಬೇಕು, ಮನೆ ಹಿಂದಕ್ಕೆ ಸರಿಯಬೇಕು. ಅ.ಕೋ. ತೆಗೆದುಹಾಕಿದರೆ ಉಳಿದದ್ದೆಲ್ಲ ಹಾಗೇ ಉಳಿಯುತ್ತದೆ. ವರ್ಷಕ್ಕೆರಡು ಸಲ ಬರುವ ನೆಂಟರಿಗಾಗಿ ನಿಮ್ಮ ನಡುಮನೆ ಯಾಕೆ ಸಣ್ಣದಾಗಬೇಕು, ಎಂದಿದ್ದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ಜಾಗವೇ ಇರಲಿಲ್ಲ. ನಾಳೆ ನಾಲ್ಕಕ್ಕೆ ಬರುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟಿದ್ದ.

ಬೆಳಿಗ್ಗೆ ಹೆಂಡತಿ ಅವನ ಡಬ್ಬಿಗೆ ಮುಚ್ಚಳ ಒತ್ತುತ್ತಿದ್ದಾಗ ಹೇಳಿದ. ಅಕ್ಕ ಅಷ್ಟರಲ್ಲಿ ಅಂಗಡಿಗೆ ಹೋಗಿದ್ದಳು. ನಡುಮನೆಯ ಮೂಲೆಯಲ್ಲಿ ಅವಳ ಹಾಸಿಗೆ, ಯಾರೂ ಅದರ ಮೇಲೆ ಎಂದೂ ಮಲಗಿಯೇ ಇಲ್ಲವೆಂಬಂತೆ, ಸುರುಳಿಯಾಗಿ ಬಟ್ಟೆ ಹೊದ್ದು ನಿಂತಿತ್ತು. ಆ ನಡುಮನೆ ದೊಡ್ಡದಾಗಬೇಕು ಎಂದು ಹೆಂಡತಿ ಎಷ್ಟು ವರ್ಷದಿಂದ ಆಸೆಪಟ್ಟವಳು ಎಂಬುದು ಅವನಿಗೆ ಗೊತ್ತಿತ್ತು. ನಾಲ್ಕು ಜನ ಬಂದರೆ ಮೊಣಕಾಲಿಗೆ ಮೊಣಕಾಲು ತಾಗುವ ಈ ಮನೆಯಲ್ಲಿ ಅವಳು ಯಾರನ್ನೂ ಕರೆಯುತ್ತಿರಲಿಲ್ಲ. ಅವಳು ಕೇಳಿಸಿಕೊಂಡಳು. ಮುಚ್ಚಳ ಕೂತಿದ್ದರೂ ಇನ್ನೊಮ್ಮೆ ಒತ್ತಿದಳು. ಅವನು ಕೊನೆಗೂ, ಅಂದು ಮೂರು ಎಂದಾಗ ನಿನಗೆ ಗೊತ್ತಾಗಲಿಲ್ಲವೇ ಎಂದು ಕೇಳಿಬಿಟ್ಟ. ಕೇಳುತ್ತಲೇ, ತನ್ನ ಹೊರೆಯನ್ನು ಅವಳ ತಲೆಗೆ ಸಾಗಹಾಕುತ್ತಿದ್ದೇನೆ ಎಂದು ತಿಳಿಯಿತು.

"ಗೊತ್ತಾಯ್ತು" ಎಂದಳು ಅವಳು. "ನಿಮ್ಮ ಅಕ್ಕ, ನೀವೇ ಹೇಳ್ತೀರಿ ಅಂತ ಸುಮ್ಮನಿದ್ದೆ. ನಾನು ನಾಲ್ಕು ಅಂದಿದ್ರೆ ನಿಮ್ಮನ್ನ ತಿದ್ದಿದ ಹಾಗೆ ಆಗ್ತಿತ್ತು." ಡಬ್ಬಿಯನ್ನು ಅವನತ್ತ ತಳ್ಳಿ, "ಆಮೇಲೆ ಸುಮ್ಮನಿರೋದು ಸುಲಭ ಅನ್ನಿಸಿತು. ಅದು ನನ್ನ ತಪ್ಪು" ಎಂದಳು.

ಕೊನೆಗೆ ತೆಗೆದು ನೋಡಿದ ಮೂಲಪ್ರತಿಯಲ್ಲಿ ಐದು ಎಂದಿತ್ತು. ಅವನು ಹಂಸಪಾದದ ಮೇಲೆ ಐದು ಎಂದು ಬರೆದು, ಕರಡನ್ನು ಮುಚ್ಚಿ, ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಎದ್ದ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿದ. ಹೇಗೆ ಜೋಡಿಸಿದರೂ ಅವು ಅವನನ್ನೇ ತೋರಿಸುತ್ತಿದ್ದವು. ಹೊಸದಾಗಿ ಕಟ್ಟಿದ ಮನೆಗಳ ಬಾಗಿಲುಗಳನ್ನು ನೋಡುತ್ತಾ ನಡೆದ. ಪ್ರತಿ ಮನೆಯೂ ಯಾರೋ ಒಬ್ಬರು ಒಂದು ಸಂಖ್ಯೆ ಹೇಳಿದ್ದರಿಂದ ಎದ್ದದ್ದು ಎಂದು ಈವರೆಗೆ ಅವನಿಗೆ ಹೊಳೆದಿರಲಿಲ್ಲ. ಅಕ್ಕ ಊರಿನಿಂದ ಬಂದು ಇರಲಿದ್ದಾಳೆ ಎಂದುಬಿಡಬಹುದು. ನಕ್ಷೆಯವರಿಗೆ ಹೇಗೆ ತಿಳಿಯಬೇಕು? ಅಂಗಡಿಯ ಮುಂದೆ ತಲೆಕೆಳಗಾಗಿ ನಿಂತ ಸೈಕಲ್ಲೊಂದರ ಚಕ್ರ ಯಾರೂ ಮುಟ್ಟದೆ ತಿರುಗುತ್ತಿತ್ತು. ಅದು ನಿಲ್ಲುವವರೆಗೆ ನಿಂತು, ಮೆಟ್ಟಿಲು ಹತ್ತಿದ.

ನಕ್ಷೆಯವರು ಆಗಲೇ ಮೊದಲ ದಿನದ ಪೆನ್ಸಿಲ್ ಹಾಳೆಯಲ್ಲೇ ಮನೆಯನ್ನು ಹಿಂದಕ್ಕೆ ಸರಿಸಿದ್ದರು. ಅ.ಕೋ. ಇದ್ದಲ್ಲಿ ಈಗ ಏನೂ ಇರಲಿಲ್ಲ. ರಬ್ಬರಿನಿಂದ ಉಜ್ಜಿದ ಕಡೆ ಕಾಗದ ತುಸು ಹೊಳೆಯುತ್ತಿತ್ತು. ಕುಳಿತುಕೊಳ್ಳಿ ಎಂದರೂ ಅವನು ನಿಂತೇ ಇದ್ದ.

"ನಾಲ್ಕು ಜನ ಮೇಡಂ" ಎಂದ. "ಅವತ್ತು ಮೂರು ಅಂದಿದ್ದೆ."

ಅವರ ಮುಖ ಅರಳಿತು. "ಓ! ಸಂತೋಷ. ಯಾವಾಗ?"

ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. "ಅಲ್ಲಲ್ಲ, ಮಗು ಅಲ್ಲ. ನನ್ನ ಅಕ್ಕ."

"ಬರ್ತಿದ್ದಾರಾ?"

ಸುಳ್ಳು ಬಾಗಿಲಲ್ಲೇ ಬಂದು ನಿಂತಿತ್ತು, ಹೂಂ ಎಂದರೆ ಮುಗಿಯುತ್ತಿತ್ತು. "ಇದ್ದಾರೆ" ಎಂದ. "ಮೊದಲಿಂದಾನೂ ಇದ್ದಾರೆ."

ಕೆಳಗೆ ಗಂಟೆ ಬಾರಿಸತೊಡಗಿದರು. ನಕ್ಷೆಯವರು ಅದು ಮುಗಿಯಲೆಂದು ಕಾದರು. ಆಮೇಲೆ, ಅವನ ಮುಖ ನೋಡದೆ ಪೆನ್ಸಿಲ್ ಎತ್ತಿಕೊಂಡು, ಇಲ್ಲಿಗೆ ಬರುವವರು ಮೆಟ್ಟಿಲು ಮರೆಯುತ್ತಾರೆ, ನೀರಿನ ತೊಟ್ಟಿ ಮರೆಯುತ್ತಾರೆ, ದಿನಾ ಯಾವುದನ್ನು ಬಳಸುತ್ತಾರೋ ಅದನ್ನೇ ಮರೆಯುವುದು ಎಂದರು. ಸಮಾಧಾನಕ್ಕೆ ಹೇಳಿದ ಆ ಮಾತು ಅವನಿಗೆ ಹೊಡೆತದಂತೆ ತಾಗಿತು. ಬಳಸುವುದು. ಅವರು ಮೂಲೆಯಲ್ಲಿದ್ದ ಸೊನ್ನೆಯೊಳಗಿನ ಮೂರನ್ನು ಹೊಡೆದುಹಾಕಿ ನಾಲ್ಕು ಬರೆದು, ಹಾಗಾದರೆ ನಡುಮನೆಯೇ ಚಿಕ್ಕದಾಗಬೇಕು, ನಿಮ್ಮ ಹೆಂಡತಿ ಒಪ್ಪುತ್ತಾರೆಯೇ, ಎಂದು ಕೇಳಿದರು. ಒಪ್ಪುತ್ತಾಳೆ ಎಂದ. ಬೆಳಿಗ್ಗೆ ತಳ್ಳಿದ ಡಬ್ಬಿ ನೆನಪಾಯಿತು. ಆಮೇಲೆ ಅವರ ಪ್ರಶ್ನೆಗಳು ಶುರುವಾದವು. ಅಕ್ಕ ಮಲಗುವಾಗ ತಲೆ ಯಾವ ಕಡೆ? ಬೆಳಕಿದ್ದರೆ ನಿದ್ದೆ ಬರುತ್ತದೆಯೇ? ಎಡಗೈಯವರೋ ಬಲಗೈಯವರೋ? ಬಲಗೈ ಎಂದ. ಉಳಿದದ್ದು ಅವನಿಗೆ ಗೊತ್ತಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ಹಾಸಿಗೆ ಬಿಚ್ಚಿ, ಎಲ್ಲರೂ ಏಳುವ ಮೊದಲು ಸುತ್ತಿಡುವವಳು. ಅವಳು ಮಲಗಿರುವುದನ್ನು ಅವನು ನೋಡಿಯೇ ಇರಲಿಲ್ಲ. ನಕ್ಷೆಯವರು ಪೆನ್ಸಿಲ್ ಕೆಳಗಿಟ್ಟರು. ಗೆರೆ ಎಳೆದು ಮುಗಿಸುವ ಮೊದಲು ಮನೆಯನ್ನು ನೆಲದ ಮೇಲೆ ಇದ್ದಷ್ಟೇ ಅಳತೆಗೆ ಸುಣ್ಣದಲ್ಲಿ ಬರೆದು ಮನೆಯವರನ್ನು ಅದರೊಳಗೆ ಒಂದು ಗಂಟೆ ಓಡಾಡಿಸುವುದು ಅವರ ಪದ್ಧತಿ. ಭಾನುವಾರ ಬನ್ನಿ ಎಂದರು. "ನಾಲ್ಕೂ ಜನ."

ಹೊರಡುವ ಮೊದಲು ಅವನು ಒಂದು ಕೇಳಿಕೊಂಡ. ಅವರು ಮತ್ತೆ ಎಳೆದ ಆ ಚೌಕದಲ್ಲಿ ಅ.ಕೋ. ಎಂದು ಬರೆಯಹೊರಟಾಗ, ಪೂರ್ತಿ ಬರೆಯಿರಿ ಎಂದ. ಅಕ್ಷರ ಸಣ್ಣದಾಗುತ್ತದೆ ಎಂದರು. ಆಗಲಿ ಎಂದ.

ಭಾನುವಾರ ಬೆಳಿಗ್ಗೆ ಕಳೆ ಕಿತ್ತು ನಿವೇಶನ ಹಸನಾಗಿತ್ತು. ನಕ್ಷೆಯವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೂಟದಿಂದ ಗೂಟಕ್ಕೆ ಕಟ್ಟಿದ ದಾರದ ಗುಂಟ ಡಬ್ಬದಿಂದ ಸುಣ್ಣದ ಪುಡಿ ಸುರಿಯುತ್ತಾ ಬರುತ್ತಿದ್ದರು. ಬಾಗಿಲಿರುವಲ್ಲಿ ಕೈ ತಡೆದು ಜಾಗ ಬಿಡುತ್ತಿದ್ದರು. ಇದು ಮನೆಯೇ, ಕೋಳಿಗೂಡಿನಷ್ಟಿದೆಯಲ್ಲ, ಎಂದು ಮಗಳು ಮೂಗು ಮುರಿದು, ಬಚ್ಚಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಯಾರೂ ಈ ಕಡೆ ನೋಡಬೇಡಿ ಎಂದಳು. ಹೆಂಡತಿ ಸಣ್ಣದಾದ ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿದಳು. ಎಂಟು ಹೆಜ್ಜೆ. ಒಂದು ಗಳಿಗೆ ನಿಂತಳು. ಆಮೇಲೆ ಗಂಡನ ಕಡೆ ತಿರುಗಿ, ಹಾಸಿಗೆ ಸುರುಳಿ ಇಲ್ಲಿರುವುದಿಲ್ಲವಲ್ಲ, ಅಷ್ಟು ಜಾಗ ಉಳಿಯಿತು, ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ.

ಅಕ್ಕ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಮಡಿಸಿದ ದುಪ್ಪಟಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಬಹಳ ಹೊತ್ತು ತನ್ನ ಕೋಣೆಯ ಹೊರಗೇ ನಿಂತಿದ್ದಳು. ನಕ್ಷೆಯವರು ಮೆಲ್ಲಗೆ ಅವಳ ಪಕ್ಕಕ್ಕೆ ಬಂದು, ತಮ್ಮನನ್ನು ಕೇಳಿದ್ದ ಪ್ರಶ್ನೆಗಳನ್ನೇ ಕೇಳಿದರು. ಅಕ್ಕ ಬಾಗಿಲಿನ ಖಾಲಿ ಜಾಗದಿಂದ ಒಳಗೆ ಹೋಗಿ, ದುಪ್ಪಟಿ ಕೊಡವಿ ನೆಲಕ್ಕೆ ಹಾಸಿ, ಅಷ್ಟು ಜನರ ಎದುರಿಗೆ, ಹಗಲು ಹೊತ್ತಿನಲ್ಲಿ, ಮಲಗಿಬಿಟ್ಟಳು. ಬಲಮಗ್ಗುಲಾಗಿ, ಒಂದು ಕೈಯನ್ನು ಕೆನ್ನೆಯಡಿಗೆ ಮಡಿಸಿ, ಮೊಣಕಾಲು ಸ್ವಲ್ಪ ಎಳೆದುಕೊಂಡು. ಕಣ್ಣು ಮುಚ್ಚಿದಳು. ಅವನು ನೋಡಿದ. ಅಕ್ಕ ಇಷ್ಟು ಚಿಕ್ಕವಳೇ? ಅವಳ ಕಾಲಿನ ಹೆಬ್ಬೆರಳು ಹೊಲಿಗೆ ಯಂತ್ರ ತುಳಿದಂತೆ ಎರಡು ಸಲ ಆಡಿ ಸುಮ್ಮನಾಯಿತು. ಬಿಸಿಲು ಅವಳ ಕಿವಿಯ ಮೇಲಿತ್ತು. ಮಗಳು ಕೂಡ ನಗದೆ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಕಣ್ಣು ಮುಚ್ಚಿಯೇ ಹೇಳಿದಳು: "ಕಿಟಕಿ ಈ ಕಡೆ ಬರಲಿ. ಕುಂಡ ಇಡೋವಷ್ಟು ಅಂಚು ಇರಲಿ. ಬಾಗಿಲಿಗೆ ಒಳಗಡೆಯಿಂದ ಚಿಲಕ ಬೇಕು." ಬೇಕು ಎಂಬ ಪದವನ್ನು ಅವಳ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲೋ ಏನೋ. ನಕ್ಷೆಯವರು ಒಂದೊಂದನ್ನೂ ಬರೆದುಕೊಂಡರು. ಬರೆದುಕೊಳ್ಳುತ್ತಿದ್ದ ಹಾಳೆಯ ಮೇಲೆ, ಆ ಚೌಕದೊಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ 'ಅಕ್ಕನ ಕೋಣೆ' ಎಂದಿತ್ತು.

ಉಳಿದವರು ಅಡುಗೆಮನೆಯತ್ತ ಹೋದಾಗ ಅವನು ಸುಣ್ಣದ ಗೆರೆಯ ಹೊರಗೆ ನಿಂತುಕೊಂಡ. ಅಕ್ಕ ಎದ್ದು ಕೂತು ಕೂದಲಿಗೆ ಹತ್ತಿದ ಹುಲ್ಲು ತೆಗೆಯುತ್ತಿದ್ದಳು. ಹೇಳದಿದ್ದರೂ ನಡೆಯುತ್ತಿತ್ತು. ನಡೆಯುತ್ತದೆ ಎಂಬುದೇ ಅವನಿಗೆ ಭಯವಾಗಿತ್ತು.

"ಅಕ್ಕಾ, ಮೊದಲಿನ ನಕ್ಷೇಲಿ ಅದು ಅಕ್ಕನ ಕೋಣೆ ಅಂತ ಇರಲಿಲ್ಲ" ಎಂದ. "ಅತಿಥಿ ಕೋಣೆ ಅಂತಿತ್ತು. ಎಷ್ಟು ಜನ ಅಂತ ಅವರು ಕೇಳಿದಾಗ ನಾನು ಮೂರು ಅಂದಿದ್ದೆ."

ಅಕ್ಕ ಹುಲ್ಲುಕಡ್ಡಿಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಅವಳ ಮುಖದಲ್ಲಿ ಏನೂ ಮುರಿದುಬೀಳಲಿಲ್ಲ. ಆಶ್ಚರ್ಯವೂ ಇರಲಿಲ್ಲ.

"ಅ ಬಂದ್ರೆ ಏನು ಓದಬೇಕು ಅಂತ ನಿನಗೆ ಕಲಿಸಿದೋಳೇ ನಾನಲ್ವೇನೋ" ಎಂದಳು. "ನೀನು ಮರೆತಿದ್ದೆ. ನಾನು ಗಟ್ಟಿಯಾಗಿ ಓದಿ ಹೇಳಿಕೊಟ್ಟೆ. ಅಷ್ಟೇ."

ಅವನಿಗೆ ನೆನಪಾಯಿತು: ನಲವತ್ತು ವರ್ಷದ ಹಿಂದಿನ ಕ್ಯಾಲೆಂಡರಿನ ಬೆನ್ನು, ಅದರ ಮೇಲೆ ತನ್ನ ಕೈ, ಕೈಯ ಮೇಲೆ ಇನ್ನೊಂದು ಕೈ. ಅವಳ ಪಕ್ಕದಲ್ಲಿ ಹೋಗಿ ಕೂರಬೇಕೆನ್ನಿಸಿ ಅವನು ಒಂದು ಕಾಲೆತ್ತಿ ಗೆರೆಯ ಆಚೆ ಇಡಹೋದ.

"ಏಯ್, ಗೋಡೆ ಹಾಯ್ದು ಬರ್ತೀಯೇನೋ?" ಎಂದಳು ಅಕ್ಕ. "ಬಾಗಿಲು ಆ ಕಡೆ ಇದೆ."

ಅವನು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಗೆರೆಯ ಗುಂಟ ಸುತ್ತಿ, ಸುಣ್ಣ ಕಲಕದ ಹಾಗೆ ನಡೆದು, ಖಾಲಿ ಜಾಗದ ಮುಂದೆ ಬಂದು ನಿಂತ. ತಟ್ಟಲು ಬಾಗಿಲಿರಲಿಲ್ಲ. ಬೆರಳು ಮಡಿಸಿ ಗಾಳಿಯಲ್ಲಿ ಎರಡು ಸಲ ತಟ್ಟಿದ. ನಾಲಿಗೆಯಿಂದ ಟಕ್ ಟಕ್ ಎಂದು ಸದ್ದನ್ನೂ ಮಾಡಿದ. ಒಳಗೆ ಅಕ್ಕ ಅವಸರಪಡಲಿಲ್ಲ. ಎದ್ದಳು, ದುಪ್ಪಟಿಯ ಧೂಳು ಕೊಡವಿದಳು, ಅಂಚಿಗೆ ಅಂಚು ಕೂಡಿಸಿದಳು.

"ತಾಳು" ಎಂದಳು.

ಅವನು ಹೊರಗೆ ನಿಂತು ಕಾದ.